ನಾಲ್ಕು ಕೇರಿಯ ನೀರು

“ಗುರುಗಳೇ, ಮಠದ ಬಚ್ಚಲಿನ ಹಿಂದೆ ಮತ್ತಿನ ಮಾತ್ರೆಯ ಖಾಲಿ ಪಟ್ಟಿ ಸಿಕ್ಕಿ ತಿಂಗಳಾಯಿತು. ನುಂಗಿದವರು ಯಾರೆಂದು ನೀವೇಕೆ ಹುಡುಕಿಸಲಿಲ್ಲ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನಲ್ಲಿ ಮತ್ತಿನ ಮಾತ್ರೆಯ ಚಟ ಹಬ್ಬಿತು. ಮನೆಮನೆಗೆ ಹೋಗಿ ಕೇಳಿದರೆ ಎಲ್ಲರೂ ಪಕ್ಕದ ಕೇರಿ ತೋರಿಸಿದರು. ಆಗ ನೀರು ಪರೀಕ್ಷೆ ಮಾಡುವ ಹೆಂಗಸೊಬ್ಬಳು ಬಂದಳು. ನುಂಗಿದ್ದರ ಅಂಶ ಮೂತ್ರದಲ್ಲಿ ಬಂದೇ ಬರುತ್ತದೆ. ನಾಲ್ಕು ಕೇರಿಯ ಕೊಳಚೆ ಕೂಡುವ ಗುಂಡಿಯಿಂದ ವಾರಕ್ಕೊಮ್ಮೆ ಒಂದು ಸೀಸೆ ತುಂಬಿ, ಪರೀಕ್ಷಿಸಿ, ಊರಿನಲ್ಲಿ ಚಟ ಎಷ್ಟಿದೆ ಎಂದು ವೈದ್ಯನಿಗೆ ತಿಳಿಸಿದಳು. ವೈದ್ಯ ಅಷ್ಟಕ್ಕೆ ಸಾಲುವಷ್ಟು ಚಟ ಬಿಡಿಸುವ ಔಷಧ ತರಿಸಿ ಹಿತ್ತಲ ಬಾಗಿಲು ತೆರೆದಿಟ್ಟ. ಹೆಸರು ಕೇಳಲಿಲ್ಲ. ಒಬ್ಬೊಬ್ಬರಾಗಿ ಬಂದರು. ಅವರಲ್ಲಿ ಒಬ್ಬ ನೇಕಾರ. ತಿಂಗಳಲ್ಲಿ ಅವನ ಕೈನಡುಕ ನಿಂತಿತು. ಮತ್ತೆ ಮಗ್ಗಕ್ಕೆ ಕೂತ.

ಊರ ಯಜಮಾನನಿಗೆ ಇಷ್ಟು ಸಾಲಲಿಲ್ಲ.

“ಏನಮ್ಮಾ, ಮೂಗು ಮುಚ್ಚಿಕೊಂಡು ಮುಚ್ಚಿಕೊಂಡು ಕಣ್ಣೂ ಮುಚ್ಚಿಕೊಂಡೆಯಾ? ಒಂದೊಂದು ಮನೆಯ ಕೊಳವೆಗೂ ಸೀಸೆ ಹಿಡಿ. ನನಗೆ ಹೆಸರು ಬೇಕು.”

“ಕೂಡಿದ ನೀರು ಇದ್ದದ್ದು ಹೇಳುತ್ತೆ ಯಜಮಾನ್ರೇ. ಬಿಡಿಸಿ ಬಿಡಿಸಿ ಕೇಳಿದ್ರೆ ಅದೂ ಸುಳ್ಳು ಕಲಿಯುತ್ತೆ.”

ಅವಳು ಒಪ್ಪಲಿಲ್ಲ. ಯಜಮಾನ ತನ್ನ ಆಳುಗಳಿಂದ ಸೀಸೆ ಹಿಡಿಸಿದ. ಮಾರನೆಯ ಬೆಳಿಗ್ಗೆಯಿಂದ, ಮನೆಯಲ್ಲಿ ಪಾಯಿಖಾನೆ ಕಟ್ಟಿಸಿಕೊಂಡವರೂ ಚೊಂಬು ಹಿಡಿದು ಕೆರೆಯ ಹಿಂದಕ್ಕೆ ನಡೆದರು. ಸೀಸೆಗಳೆಲ್ಲ ಶುದ್ಧವಾಗಿ ಬಂದವು. ಊರು ಚಟ ಬಿಟ್ಟಿತೆಂದು ಯಜಮಾನ ಡಂಗುರ ಹೊಡೆಸಿದ.

ವೈದ್ಯನ ಹಿತ್ತಲಿಗೆ ಹೋದರೆ ಯಾರಾದರೂ ಗುರುತು ಹಿಡಿದಾರೆಂದು ನೇಕಾರ ಔಷಧ ಬಿಟ್ಟ. ಹದಿನೈದು ದಿನ ಹಲ್ಲು ಕಚ್ಚಿದ. ಹದಿನಾರನೆಯ ದಿನ ತಡೆಯಲಾರದೆ, ಮೊದಲು ನುಂಗುತ್ತಿದ್ದಷ್ಟೇ ಮಾತ್ರೆ ನುಂಗಿದ. ರೂಢಿ ತಪ್ಪಿದ ಮೈ ತಾಳಲಿಲ್ಲ. ಕೆರೆಯ ಹಿಂದೆ ಅವನ ಹೆಣ ಸಿಕ್ಕಿತು. ಪಕ್ಕದ ಚೊಂಬಿನಲ್ಲಿ ನೀರು ಹಾಗೆಯೇ ಇತ್ತು.

ಅಂದು ಅವನ ಮನೆಯ ಸೀಸೆಯೂ ಶುದ್ಧವಾಗಿಯೇ ಬಂತು.

ಗುರು ನಿಲ್ಲಿಸಿದರು. ಶಿಷ್ಯ ಎರಡೂ ಕೈಗಳನ್ನು ಶಲ್ಯದೊಳಗೆ ಎಳೆದುಕೊಂಡ. “ಆದರೂ ಗುರುಗಳೇ, ತಪ್ಪು ಮಾಡಿದವನು ಯಾರೆಂದು ಗೊತ್ತಾಗಬೇಡವೇ?”

“ಹುಡುಕಿಸಿದ್ದರೆ, ನಡುಗುವ ಆ ಕೈ ಹೊತ್ತುಕೊಂಡು ನೀನು ಇವತ್ತು ನನ್ನ ಹತ್ತಿರ ಬರುತ್ತಿದ್ದೆಯೇನಪ್ಪಾ?”