ಆಮೆಯಜ್ಜನ ಆರನೇ ವಿಲ್

"ಬರದೇ ಏನ್ ಮಾಡ್ಲಿ ಕಾಗಪ್ಪ?" ಅಂತ ಆಮೆಯಜ್ಜ ಗೊಣಗಿದ. ಪತ್ರ ಬರೆಯೋ ಕಾಗೆ, "ಆರನೇ ವಿಲ್ ಬರೆಸೋಕೆ ಬಂದ್ರಾ?" ಅಂತ ಕೇಳಿತ್ತು.

"ಕೆರೆಯ ಬಂಡೇನ ಗೆಳೆಯ ಕಪ್ಪೆಗೆ ಬರೆದೆ, ಅವನು ಹೋದ. ಅವನ ಮಗನಿಗೆ ಬರೆದೆ, ಅವನೂ ಹೋದ. ಐದು ತಲೆಮಾರಾಯ್ತು. ಬರೆಸ್ಕೊಂಡೋರೆಲ್ಲ ಹೋಗ್ತಾರೆ, ಬರೆದವನು ಮಾತ್ರ ಗಟ್ಟಿ."

"ಟ್ರಸ್ಟ್ ಮಾಡಿಬಿಡಿ. ಯಾರು ಹೋದ್ರೂ ಟ್ರಸ್ಟ್ ಇರುತ್ತೆ."

"ಇರುತ್ತೆ. ಸಂಜೆ ನನ್ನ ಜೊತೆ ಮಾತಾಡುತ್ತಾ?"

"ಅವರೆಲ್ಲ ಬಂಡೆ ಮೇಲೆ ಕೂತು ಮಾತಾಡ್ತಿದ್ರಾ?"

"ಛೆ! ನಾನಿರೋವರೆಗೂ ಬಂಡೆ ನಂದೇ ಅಂತ ವಿಲ್ಲಲ್ಲೇ ಇದೆ. ನೀರಲ್ಲಿ ತೇಲ್ತಾ ಮಾತಾಡ್ತಿದ್ರು."

ಅಜ್ಜ ಆರನೇ ವಿಲ್ ಬರೆಸಿ ಕೆರೆಗೆ ಬಂದು, ಬಂಡೆ ಮೇಲೆ ಕೂತು, ಆ ವಂಶದಲ್ಲಿ ಉಳಿದಿದ್ದ ಕಪ್ಪೆಮರಿಗೆ ಓದಿ ಹೇಳಿದ. ಅವಳು ನೀರಲ್ಲಿ ತೇಲ್ತಾ ಪೂರ್ತಿ ಕೇಳಿಸಿಕೊಂಡಳು.

"ಬಂಡೆ ಆಮೇಲೆ ಕೊಡಿ ಅಜ್ಜ. ಈಗ ಸ್ವಲ್ಪ ಸರ್ಕೊಳ್ಳಿ, ನಾನೂ ಕೂತ್ಕೋತೀನಿ," ಅಂದಳು.