ಸ್ಪಂಜಿನ ಮೈತುಂಬ ತೂತು ಬಂದದ್ದು

ಭೂಮಿಯ ಹೊಸತನ ಇನ್ನೂ ಮಾಸಿರಲಿಲ್ಲ. ಬೆಟ್ಟಗಳ ಮಣ್ಣು ಗಟ್ಟಿಯಾಗಿರಲಿಲ್ಲ, ನದಿಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆಗ ಸ್ಪಂಜಕ್ಕ ಕಡಲಲ್ಲಿ ಈಜಾಡಿಕೊಂಡಿದ್ದಳು. ಅವಳಿಗೆ ಕಣ್ಣಿತ್ತು, ಬಾಯಿತ್ತು, ಮೈ ನುಣ್ಣಗೆ ಹೊಳೆಯುತ್ತಿತ್ತು.

ನೀರಿನಷ್ಟೇ ತಿಳಿಯಾದ ಮೈಯ ಲೋಳೆಮೀನು ಅವಳ ಗೆಳತಿ. ಕಡಲಿನ ಆಚೆಯ ದಂಡೆ ನೋಡಿಬರೋಣವೆಂದು ಇಬ್ಬರೂ ಹೊರಟಿದ್ದರು.

ಒಂದು ಬಂಡೆಯ ಹತ್ತಿರ ಬಂದಾಗ ಅಳು ಕೇಳಿಸಿತು. ಬಂಡೆಯ ಮೇಲೆ ಹವಳದವ್ವ ತನ್ನ ಪುಟ್ಟ ಮಕ್ಕಳನ್ನು ತಬ್ಬಿಕೊಂಡು ಕೂತಿದ್ದಳು. ನದಿ ಹೊತ್ತು ತಂದ ಕೆಂಪು ಮಣ್ಣು ಅವರ ಮೇಲೆ ಇಳಿಯುತ್ತಲೇ ಇತ್ತು.

“ಮಕ್ಕಳಿಗೆ ಉಸಿರು ಕಟ್ತಿದೆ ತಾಯಿ,” ಎಂದಳು ಹವಳದವ್ವ. “ನಮಗೆ ಈಜೋಕೆ ಬರಲ್ಲ. ಎಲ್ಲಿಗೆ ಹೋಗೋಣ?”

ಎಲ್ಲರಿಗಿಂತ ಚಿಕ್ಕ ಮಗು ಅಲುಗಾಡುತ್ತಿರಲಿಲ್ಲ.

ಸ್ಪಂಜಕ್ಕ ನದಿ ಕಡಲು ಸೇರುವಲ್ಲಿಗೆ ಈಜಿ ಹೋದಳು. “ನದಿಯಮ್ಮಾ, ಸ್ವಲ್ಪ ನಿಲ್ಲು. ಮಕ್ಕಳು ಸಾಯ್ತಿವೆ.”

“ನಿಲ್ಲೋದು ನನ್ನ ಕೈಲಿಲ್ಲ ಮಗಳೇ,” ನದಿಯ ದನಿ ನಡುಗಿತು. “ನಾನು ನಿಂತರೆ ಮೇಲೆ ಕಾಡೆಲ್ಲ ಮುಳುಗುತ್ತೆ.”

ಸ್ಪಂಜಕ್ಕ ಬಂಡೆಗೆ ಮರಳಿದಳು. ಕೆಸರು ನೀರನ್ನು ಕುಡಿದಳು. ಮಣ್ಣನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿಳಿನೀರನ್ನು ಮಕ್ಕಳ ಮೇಲೆ ಬಿಟ್ಟಳು. ಕುಡಿದಳು, ಬಿಟ್ಟಳು. ಮತ್ತೆ ಕುಡಿದಳು, ಮತ್ತೆ ಬಿಟ್ಟಳು. ಆದರೆ ಇದ್ದದ್ದು ಒಂದೇ ಬಾಯಿ. ಬರುವ ಕೆಸರಿಗೆ ಕೊನೆಯೇ ಇರಲಿಲ್ಲ.

ಬಂಡೆಯ ಸಂದಿಯಲ್ಲಿ ಏಡಿಯಜ್ಜ ಇದ್ದ. ಸ್ಪಂಜಕ್ಕ ಅವನ ಹತ್ತಿರ ಹೋದಳು.

“ಅಜ್ಜಾ, ನಿಮ್ಮ ಚೂಪು ಕಾಲಿನಿಂದ ನನ್ನ ಮೈಗೆ ತೂತು ಹಾಕಿ. ಮೈಯೆಲ್ಲ ಬಾಯಾಗಲಿ.”

“ಏನು ಮಾತಾಡ್ತಿದ್ದೀಯೇ! ನೋವಾಗಲ್ವಾ?”

“ಆಗುತ್ತೆ. ಹಾಕಿ.”

“ಆಮೇಲೆ ಈಜೋಕಾಗಲ್ಲ ಮಗಳೇ. ಬಂಡೆ ಹಿಡಿದು ಕೂತುಬಿಡಬೇಕು. ಬದುಕಿರೋವರೆಗೂ.”

ಸ್ಪಂಜಕ್ಕ ಗೆಳತಿಯ ಕಡೆ ನೋಡಿದಳು. ನೀರಿನ ಸೆಳೆತ ಲೋಳೆಮೀನನ್ನು ಆಗಲೇ ದೂರಕ್ಕೆ ಎಳೆಯುತ್ತಿತ್ತು.

“ಬಾರೇ,” ಎಂದು ಕೂಗಿದಳು ಲೋಳೆಮೀನು. “ಇಲ್ಲೇ ಕೂತರೆ ಆಚೆಯ ದಂಡೆ ಯಾವಾಗ ನೋಡ್ತೀಯೇ?”

ಸ್ಪಂಜಕ್ಕನಿಗೆ ಹೋಗಬೇಕೆನಿಸಿತು, ತುಂಬಾ ಹೋಗಬೇಕೆನಿಸಿತು.

“ನೀನು ನೋಡು,” ಎಂದಳು. “ನಾನು ಇಲ್ಲಿರ್ತೀನಿ.”

ಲೋಳೆಮೀನು ಕಣ್ಮರೆಯಾಗುವವರೆಗೂ ಸ್ಪಂಜಕ್ಕ ನೋಡಿದಳು. ಆಮೇಲೆ ಬಂಡೆಯನ್ನು ಗಟ್ಟಿಯಾಗಿ ಅಪ್ಪಿ ಕೂತಳು.

ಏಡಿಯಜ್ಜ ಅಳುತ್ತಲೇ ತೂತು ಹಾಕಿದ. ಬೆನ್ನಿಗೆ ಹಾಕಿದ, ಹೊಟ್ಟೆಗೆ ಹಾಕಿದ, ಕೆನ್ನೆಗೆ ಹಾಕಿದ. ಒಂದೊಂದು ತೂತೂ ಕೆಸರನ್ನು ಒಳಗೆಳೆಯಿತು. ಕಣ್ಣಿದ್ದಲ್ಲಿ ತೂತಾಯಿತು, ಅವಳಿಗೆ ಕತ್ತಲಾಯಿತು. ಬಾಯಿಯೊಂದೇ ಉಳಿಯಿತು.

“ಅಜ್ಜಾ, ಮಕ್ಕಳು ಉಸಿರಾಡ್ತಿವೆಯಾ?”

ಏಡಿಯಜ್ಜ ಹವಳದ ಮಕ್ಕಳತ್ತ ತಿರುಗಿದ. ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ.

“ಚಿಕ್ಕದು ಉಳಿಯಲಿಲ್ಲ ಮಗಳೇ. ಉಳಿದವೆಲ್ಲ ಕೈಚಾಚಿ ಆಡ್ತಿವೆ.”

ಸ್ಪಂಜಕ್ಕ ಬಂಡೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿದಳು. “ಹಾಗಾದರೆ ಬಾಯಿಗೂ ಹಾಕಿ, ಇನ್ನೊಂದು ಮಗು ಹೋಗಬಾರದು,” ಎಂದಳು. ಅದೇ ಅವಳ ಕೊನೆಯ ಮಾತು.

ಅದಕ್ಕೇ ಮಗೂ, ಇಂದಿಗೂ ಕಡಲ ಬಂಡೆಯನ್ನು ಅಪ್ಪಿ ಕೂತ ಸ್ಪಂಜಿಗೆ ಕಣ್ಣಿಲ್ಲ, ಬಾಯಿಲ್ಲ. ಮೈತುಂಬ ಇರುವ ತೂತುಗಳಿಂದ ನೀರನ್ನು ಎಳೆದುಕೊಂಡು, ಸೋಸಿ, ತಿಳಿಮಾಡಿ ಹೊರಗೆ ಬಿಡುತ್ತಲೇ ಇರುತ್ತದೆ.