‘ಬಾರೇ’ ಎನ್ನದ ಗಿಳಿ

ಶಿಷ್ಯ ಕೇಳಿದ: “ಗುರುಗಳೇ, ಈಗ ಕೆಲಸಕ್ಕೆ ಜನರನ್ನು ಯಂತ್ರವೇ ಆರಿಸುತ್ತದಂತೆ. ಯಂತ್ರಕ್ಕೆ ಜಾತಿಯಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ. ಇನ್ನಾದರೂ ಅನ್ಯಾಯ ತಪ್ಪಿತಲ್ಲವೇ?”

ಗುರುಗಳು ಹೇಳಿದರು:

ಒಬ್ಬ ನೂಲಿನ ವ್ಯಾಪಾರಿ ಇದ್ದ. ಅವನ ಕಾರ್ಖಾನೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ. ಕೆಲಸ ಕೇಳಿ ಬಂದವರಲ್ಲಿ ಬೇಕಾದವರನ್ನು ಒಳಗೆ ಕರೆಯುವುದು ಅವನ ಪಾಲಿನ ಕೆಲಸವಾಗಿತ್ತು. ಮೇಲುಗೇರಿಯ ಗಂಡಸು ಬಂದರೆ “ಬನ್ನಿ ಸ್ವಾಮಿ” ಎನ್ನುತ್ತಿದ್ದ. ಮೇಲುಗೇರಿಯ ಹೆಂಗಸು ಬಂದರೆ “ಬನ್ನಿ ತಾಯಿ.” ಕೆಳಗೇರಿಯ ಗಂಡಸಿಗೆ “ಬಾರೋ.” ಕೆಳಗೇರಿಯ ಹೆಂಗಸನ್ನು ಅವನು ಕರೆದದ್ದೇ ಇಲ್ಲ. ಬಾಗಿಲ ಮೇಲೆ ತೂಗುಹಾಕಿದ ಪಂಜರದಲ್ಲಿ ಒಂದು ಗಿಳಿಯಿತ್ತು. ವರ್ಷಗಟ್ಟಲೆ ಇದನ್ನೇ ಕೇಳಿಸಿಕೊಂಡಿತ್ತು.

ಕಾವಲುಗಾರ ಪಕ್ಷಪಾತಿ ಎಂದು ಊರು ಆಡಿಕೊಂಡಿತು. ವ್ಯಾಪಾರಿ ಅವನನ್ನು ಕೆಲಸದಿಂದ ಬಿಡಿಸಿದ. “ಇನ್ನು ಮೇಲೆ ಗಿಳಿ ಕರೆದವರಿಗೆ ಕೆಲಸ. ಗಿಳಿಗೆ ಯಾರ ಹಂಗೂ ಇಲ್ಲ” ಎಂದು ಸಾರಿದ. ಜನ ಮೆಚ್ಚಿದರು.

ಕೆಳಗೇರಿಯ ಒಬ್ಬ ಹೆಂಗಸು ಬಂದಳು. ಅವಳಿಗೆ ನೂಲಲು ಬರುತ್ತಿತ್ತು. ಮನೆಯಲ್ಲಿ ಮಕ್ಕಳಿದ್ದರು, ಒಲೆ ಹೊತ್ತಿರಲಿಲ್ಲ. ಗಿಳಿ ಅವಳನ್ನು ನೋಡಿತು. ಕೊರಳು ಓರೆ ಮಾಡಿತು. ಸುಮ್ಮನಾಯಿತು. ಅವಳ ಹಿಂದೆ ಬಂದವರೆಲ್ಲ ಒಳಗೆ ಹೋದರು. ಹೊತ್ತು ಏರಿತು. ಅವಳು ವ್ಯಾಪಾರಿಯನ್ನು ಕೂಗಿ ಕರೆದಳು.

“ಗಿಳಿ ನಿನ್ನನ್ನು ಹೋಗು ಎಂದಿತೇ?” ಎಂದ ವ್ಯಾಪಾರಿ.

“ಏನೂ ಅನ್ನಲಿಲ್ಲ, ಧಣಿ.”

“ಮತ್ತೇನು ನಿನ್ನ ತಕರಾರು? ಇಲ್ಲಿ ಹೆಂಗಸರಿಲ್ಲವೇ? ರಾಟೆಗಳ ಮುಂದೆ ಕೂತವರೆಲ್ಲ ಹೆಂಗಸರೇ. ನಿಮ್ಮ ಕೇರಿಯವರಿಲ್ಲವೇ? ಮೂಟೆ ಹೊರುವವರೆಲ್ಲ ನಿಮ್ಮವರೇ.”

“ಆ ಹೆಂಗಸರು ನಮ್ಮ ಕೇರಿಯವರಲ್ಲ. ಮೂಟೆ ಹೊರುವ ನಮ್ಮ ಕೇರಿಯವರು ಹೆಂಗಸರಲ್ಲ. ನಾನು ಎರಡೂ. ಅದಕ್ಕೇ ಹೊರಗಿದ್ದೇನೆ. ನಿಮ್ಮ ಗಿಳಿಗೆ ‘ಬಾರೇ’ ಅನ್ನುವುದನ್ನು ಕಲಿಸಿ, ಧಣಿ. ‘ತಾಯಿ’ ಬೇಡ. ‘ಬಾರೇ’ ಅನ್ನುವಷ್ಟು ಮರ್ಯಾದೆ ಸಾಕು ನನಗೆ.”

ವ್ಯಾಪಾರಿ ನಕ್ಕ. “ನಾನು ಹೇಳಿಕೊಟ್ಟರೆ ಪಕ್ಷಪಾತವಾಗುತ್ತದೆ” ಎಂದ. ಬಾಗಿಲು ಹಾಕಿಸಿದ.

ಅವಳ ಮಕ್ಕಳು ಆ ದಿನವೂ ಉಣ್ಣಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯ ನಿಟ್ಟುಸಿರಿಟ್ಟು, “ಪಾಪ, ಗಿಳಿಗೇನು ಗೊತ್ತು?” ಎಂದ.

“‘ಪಾಪ’ ಅನ್ನಲು ನಿನಗೂ ಗಿಳಿಯೇ ಸಿಕ್ಕಿತು” ಎಂದರು ಗುರುಗಳು.